ಎರಡು ವಿಮಾನಗಳ ನಡುವೆ ಎಷ್ಟು ಹೊತ್ತು?



ವಿದೇಶಕ್ಕೆ ಟಿಕೆಟ್ ಮಾಡಿಸಲು ಬರುವವರು ಮೊದಲು ಕೇಳುವುದು ದರ. ಅದಾದ ಮೇಲೆ, ‘ಮಧ್ಯೆ ಗ್ಯಾಪ್ ಎಷ್ಟು?’ ಎಂದು. ಟಿಕೆಟ್ ಮಾಡಿಸಿಕೊಡುವುದೇ ನನ್ನ ಕಸುಬಾದ್ದರಿಂದ ಈ ಪ್ರಶ್ನೆ ದಿನವೂ ಕಿವಿಗೆ ಬೀಳುತ್ತದೆ. ಎರಡು ಗಂಟೆ ಎಂದರೆ ಮುಖ ಅರಳುತ್ತದೆ. ಐದು ಗಂಟೆ ಎಂದರೆ, ‘ಅಯ್ಯೋ, ಅಷ್ಟು ಹೊತ್ತು ಅಲ್ಲಿ ಕೂತು ಏನ್ ಮಾಡೋದು ಸಾರ್? ಬೇರೆ ನೋಡಿ’ ಎನ್ನುತ್ತಾರೆ.

ಪ್ರಶ್ನೆ ಸಹಜವಾದದ್ದೇ. ಆದರೆ ಬರೀ ಗಂಟೆಯ ಲೆಕ್ಕದಲ್ಲಿ ಉತ್ತರ ಸಿಗುವುದಿಲ್ಲ. ಒಂದು ವಿಮಾನ ನಿಲ್ದಾಣದಲ್ಲಿ ಒಂದೂವರೆ ಗಂಟೆ ಧಾರಾಳ. ಇನ್ನೊಂದರಲ್ಲಿ ಮೂರು ಗಂಟೆಯೂ ಸಾಲದು. ಮೊದಲನೆಯ ವಿಮಾನದ ಬಾಗಿಲಿನಿಂದ ಎರಡನೆಯ ವಿಮಾನದ ಬಾಗಿಲಿಗೆ ಹೋಗುವಷ್ಟರಲ್ಲಿ ನೀವು ಎಷ್ಟು ಕಡೆ ಸಾಲಿನಲ್ಲಿ ನಿಲ್ಲಬೇಕು ಎನ್ನುವುದನ್ನು ಮೊದಲು ನೋಡಬೇಕು. ಸಾಲು ಎಣಿಸಿ, ಆಮೇಲೆ ಗಂಟೆ ಎಣಿಸಿ. ಇವತ್ತು ನಾನು ಹೇಳಹೊರಟಿರುವುದು ಇಷ್ಟೇ. ಇದನ್ನೇ ಒಂದಿಷ್ಟು ಬಿಡಿಸಿ ಹೇಳುತ್ತೇನೆ.

ಟಿಕೆಟ್ಟಿನಲ್ಲಿ ಕಾಣುವ ಎರಡು ಗಂಟೆ ನಿಜಕ್ಕೂ ಎರಡು ಗಂಟೆಯಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಬದಲಿಸುವಾಗ ಗಾರ್ಡು ಹಸಿರು ಬಾವುಟ ತೋರಿಸುವವರೆಗೂ ನಮಗೆ ಅವಕಾಶವಿರುತ್ತದೆ; ಓಡಿ ಹೋಗಿ ಯಾವುದೋ ಒಂದು ಬೋಗಿ ಹತ್ತಬಹುದು. ವಿಮಾನದಲ್ಲಿ ಹಾಗಿಲ್ಲ. ಹೊರಡುವ ಸಮಯ ಎಂದು ಅಚ್ಚಾಗಿರುವುದು ವಿಮಾನ ಜಾಗ ಬಿಟ್ಟು ಕದಲುವ ಸಮಯ. ಗೇಟು ಅದಕ್ಕಿಂತ ಹದಿನೈದು, ಇಪ್ಪತ್ತು ನಿಮಿಷ ಮೊದಲೇ ಮುಚ್ಚಿರುತ್ತದೆ. ಇತ್ತ ತಲುಪುವ ಸಮಯದ ಕಥೆಯೂ ಹೀಗೆಯೇ. ವಿಮಾನ ಬಂದು ನಿಂತಿತು ಎಂದರೆ ನೀವು ಇಳಿದಿರಿ ಎಂದಲ್ಲ. ಏರೋಬ್ರಿಡ್ಜ್ ಜೋಡಿಸಬೇಕು, ಬಾಗಿಲು ತೆರೆಯಬೇಕು, ಮುಂದಿನ ಸಾಲಿನವರೆಲ್ಲ ತಲೆಯ ಮೇಲಿನ ಗೂಡಿನಿಂದ ಬ್ಯಾಗು ಇಳಿಸಿಕೊಂಡು ಹೊರಡಬೇಕು. ನೀವು ಕೂತದ್ದು ನಲವತ್ತನೇ ಸಾಲಾದರೆ ಕಾಲು ಗಂಟೆ ಅಲ್ಲೇ ಹೋಯಿತು. ಹಿಂದೆ ಕಾಲು ಗಂಟೆ, ಮುಂದೆ ಇಪ್ಪತ್ತು ನಿಮಿಷ ಕಳೆದರೆ ಎರಡು ಗಂಟೆಯಲ್ಲಿ ಉಳಿಯುವುದು ಒಂದೂವರೆ ಗಂಟೆಗೂ ಕಡಿಮೆ.

‘ಹಾಗಾದರೆ ಕಂಪನಿಯವರು ಅಷ್ಟು ಕಡಿಮೆ ಸಮಯದ ಟಿಕೆಟ್ ಯಾಕೆ ಮಾರುತ್ತಾರೆ?’ ಎಂದು ಕೇಳುವವರುಂಟು. ಪ್ರತಿಯೊಂದು ವಿಮಾನ ನಿಲ್ದಾಣಕ್ಕೂ ಮಿನಿಮಮ್ ಕನೆಕ್ಟಿಂಗ್ ಟೈಮ್ ಎಂಬ ಒಂದು ಲೆಕ್ಕವಿದೆ. ನಮ್ಮ ಕಸುಬಿನವರು ಅದನ್ನು ಎಂಸಿಟಿ ಎನ್ನುತ್ತೇವೆ. ಒಂದು ವಿಮಾನದಿಂದ ಇನ್ನೊಂದಕ್ಕೆ ಪ್ರಯಾಣಿಕರೂ ಅವರ ಸಾಮಾನೂ ದಾಟಲು ಬೇಕಾದ ಕನಿಷ್ಠ ಸಮಯ ಅದು. ದೇಶದೊಳಗಿನ ವಿಮಾನದಿಂದ ವಿದೇಶದ ವಿಮಾನಕ್ಕೆ ಒಂದು ಲೆಕ್ಕ, ವಿದೇಶದ್ದರಿಂದ ವಿದೇಶದ್ದಕ್ಕೆ ಇನ್ನೊಂದು, ಟರ್ಮಿನಲ್ ಬದಲಾದರೆ ಮತ್ತೊಂದು. ವಿಯೆನ್ನಾದಲ್ಲಿ ಇದು 25 ನಿಮಿಷದಷ್ಟು ಕಡಿಮೆ. ಫ್ರಾಂಕ್‌ಫರ್ಟಿನಲ್ಲಿ 45 ನಿಮಿಷ. ಲಂಡನ್ನಿನ ಹೀಥ್ರೂ ನಿಲ್ದಾಣದ ಐದನೇ ಟರ್ಮಿನಲ್ಲಿನೊಳಗೆ ಒಂದು ಗಂಟೆ. ಒಂದೇ ಟಿಕೆಟ್ಟಿನಲ್ಲಿ ಇದಕ್ಕಿಂತ ಕಡಿಮೆ ಸಮಯದ ಜೋಡಣೆಯನ್ನು ಬುಕಿಂಗ್ ವ್ಯವಸ್ಥೆಯೇ ಮಾರುವುದಿಲ್ಲ.

ಕನಿಷ್ಠ ಎಂಬ ಮಾತಿನ ತೂಕವನ್ನು ಮಾತ್ರ ಮರೆಯಬಾರದು. ಎಲ್ಲವೂ ಸಮಯಕ್ಕೆ ಸರಿಯಾಗಿ ನಡೆದು, ಪ್ರಯಾಣಿಕರು ದಾರಿ ತಪ್ಪದೆ ಚುರುಕಾಗಿ ನಡೆದರೆ ಸಾಲುವ ಸಮಯ ಅದು. ಮೊದಲ ಸಲ ಹೊರಟ, ಮಂಡಿ ನೋವಿರುವ ಅರವತ್ತೈದರ ಅಜ್ಜಿಯನ್ನು ಕಣ್ಣ ಮುಂದಿಟ್ಟುಕೊಂಡು ಯಾರೂ ಆ ಲೆಕ್ಕ ಮಾಡಿಲ್ಲ.

ಈಗ ಸಾಲುಗಳ ವಿಷಯ. ನಮ್ಮಲ್ಲಿಂದಲೇ ಶುರು ಮಾಡೋಣ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಈಗ ಎರಡು ಟರ್ಮಿನಲ್ಲುಗಳು. 2023ರ ಸೆಪ್ಟೆಂಬರ್ 12ರಿಂದ ವಿದೇಶಿ ವಿಮಾನಗಳೆಲ್ಲ ಎರಡನೇ ಟರ್ಮಿನಲ್ಲಿಗೆ ಹೋದವು. ದೇಶದೊಳಗಿನ ಹಲವು ವಿಮಾನಗಳು ಒಂದನೇ ಟರ್ಮಿನಲ್ಲಿನಲ್ಲೇ ಉಳಿದವು. ಶಿವಮೊಗ್ಗದಿಂದಲೋ ಹುಬ್ಬಳ್ಳಿಯಿಂದಲೋ ಹಾರಿ ಬಂದು ಒಂದರಲ್ಲಿ ಇಳಿದು, ಸಾಮಾನು ತೆಗೆದುಕೊಂಡು, ಶಟಲ್ ಬಸ್ಸು ಹಿಡಿದು ಎರಡಕ್ಕೆ ಹೋಗಬೇಕಾದೀತು. ಅಲ್ಲಿ ಬಾಗಿಲಲ್ಲೇ ಟಿಕೆಟ್ಟು, ಪಾಸ್‌ಪೋರ್ಟು ನೋಡುವ ಮೊದಲ ಸಾಲು. ಸಾಮಾನು ಕೊಟ್ಟು ಬೋರ್ಡಿಂಗ್ ಪಾಸ್ ಪಡೆಯುವ ಎರಡನೇ ಸಾಲು. ವಲಸೆ ಅಧಿಕಾರಿಗಳ ಮುಂದೆ ಮೂರನೆಯದು. ಭದ್ರತಾ ತಪಾಸಣೆಯದು ನಾಲ್ಕನೆಯದು. ಎರಡನೇ ಸಾಲಿನ ಚೆಕ್‌ಇನ್ ಕೌಂಟರು ವಿಮಾನ ಹೊರಡುವುದಕ್ಕೆ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಹಾಗಾಗಿ ಇಲ್ಲಿ ಗಡುವು ಗೇಟಿನದಲ್ಲ, ಕೌಂಟರಿನದು.

ದೆಹಲಿ, ಮುಂಬಯಿಗಳಲ್ಲಿ ಟರ್ಮಿನಲ್ ಬದಲಾದರೆ ಇನ್ನೂ ದೂರ. ದೆಹಲಿಯ ಒಂದನೇ ಟರ್ಮಿನಲ್ಲಿನಿಂದ ವಿದೇಶಿ ವಿಮಾನಗಳು ಹೊರಡುವ ಮೂರನೇ ಟರ್ಮಿನಲ್ಲಿಗೆ ರಸ್ತೆಯಲ್ಲಿ ಕೆಲವು ಕಿಲೋಮೀಟರು. ಮುಂಬಯಿಯಲ್ಲಿ ಸಾಂತಾಕ್ರೂಜ್ ಕಡೆಯ ಒಂದನೇ ಟರ್ಮಿನಲ್ಲಿನಿಂದ ಸಹಾರ್ ಕಡೆಯ ಎರಡನೆಯದಕ್ಕೆ ಊರಿನ ಟ್ರಾಫಿಕ್ಕಿನಲ್ಲೇ ಸಾಗಬೇಕು. ವಾಪಸು ಬರುವಾಗ ಇನ್ನೊಂದು ವಿಷಯ ನೆನಪಿರಲಿ. ವಿದೇಶದಿಂದ ದೆಹಲಿಗೆ ಬಂದು ಅಲ್ಲಿಂದ ಬೆಂಗಳೂರಿಗೋ ಬೆಳಗಾವಿಗೋ ಹೋಗುವವರು ಸಾಮಾನ್ಯವಾಗಿ ದೆಹಲಿಯಲ್ಲೇ ವಲಸೆ ತಪಾಸಣೆ ಮುಗಿಸಿ, ಸೂಟ್‌ಕೇಸ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ಡಿಸೆಂಬರ್, ಜನವರಿಯ ದೆಹಲಿಯ ಮಂಜನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಆ ಎರಡು ತಿಂಗಳು ಬೆಳಗಿನ ಜಾವದ ವಿಮಾನ ಹೇಳಿದ ಹೊತ್ತಿಗೆ ಇಳಿಯುತ್ತದೆಂದು ನಂಬಿ ಎರಡು ಗಂಟೆಯ ಕನೆಕ್ಷನ್ ಇಟ್ಟುಕೊಳ್ಳಬೇಡಿ.

ಯುರೋಪಿಗೆ ಬರೋಣ. ಅಲ್ಲಿನ ಹೆಚ್ಚಿನ ದೇಶಗಳು ಷೆಂಗೆನ್ ಒಪ್ಪಂದಕ್ಕೆ ಒಳಪಟ್ಟಿವೆ. ಆ ದೇಶಗಳೊಳಗೆ ಓಡಾಡುವಾಗ ಪಾಸ್‌ಪೋರ್ಟ್ ತಪಾಸಣೆ ಇಲ್ಲ. ಅದೆಲ್ಲ ನಡೆಯುವುದು ನೀವು ಮೊದಲು ಕಾಲಿಟ್ಟ ನಿಲ್ದಾಣದಲ್ಲಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಅಮೆರಿಕಕ್ಕೆ ಹೋಗುವವರು ಯುರೋಪಿನ ಒಳಗೆ ಹೋಗುವುದೇ ಇಲ್ಲ, ಹಾಗಾಗಿ ಅವರಿಗೆ ಆ ಸಾಲಿಲ್ಲ. ಅದೇ ವಿಮಾನದಲ್ಲಿ ಬಂದು ಪ್ರಾಗ್‌ಗೋ ಲಿಸ್ಬನ್‌ಗೋ ಹೋಗುವವರಿಗೆ ಫ್ರಾಂಕ್‌ಫರ್ಟಿನಲ್ಲೇ ಪಾಸ್‌ಪೋರ್ಟ್ ಸಾಲು. ಆ ನಿಲ್ದಾಣದ ಕಟ್ಟಡದಲ್ಲೇ ಈ ವ್ಯತ್ಯಾಸ ಕಾಣುತ್ತದೆ: ಒಂದೇ ಉದ್ದನೆಯ ಕಟ್ಟಡದಲ್ಲಿ ಕೆಳಗೆ ಎ ಗೇಟುಗಳು ಷೆಂಗೆನ್ ಒಳಗಿನ ವಿಮಾನಗಳಿಗೆ, ಅದರ ಮೇಲಿನ ಮಹಡಿಯ ಜ಼ೆಡ್ ಗೇಟುಗಳು ಹೊರಗಿನ ದೇಶಗಳಿಗೆ. ಒಂದು ಮಹಡಿ ಇಳಿಯುವುದರೊಳಗೆ ಒಂದು ಗಡಿಯನ್ನೇ ದಾಟಬೇಕು.

ಆ ಗಡಿಯ ಸಾಲು ಈಗ ಇನ್ನಷ್ಟು ಹೊತ್ತು ಹಿಡಿಯಬಹುದು. 2025ರ ಅಕ್ಟೋಬರ್ 12ರಿಂದ ಯುರೋಪಿನ ಒಕ್ಕೂಟ ಹಂತಹಂತವಾಗಿ ಹೊಸ ವ್ಯವಸ್ಥೆ ತಂದಿತು. ಪಾಸ್‌ಪೋರ್ಟಿಗೆ ಠಸ್ಸೆ ಒತ್ತುವ ಬದಲು ಹೊರದೇಶದವರ ಮುಖದ ಫೋಟೊ, ಬೆರಳಚ್ಚು ತೆಗೆದು ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ. ಮೊದಲ ಸಲ ಹೋಗುವವರಿಗೆ ಇದು ಹೆಚ್ಚುವರಿ ಕೆಲಸ. ನಿಮ್ಮ ಮುಂದೆ ನಿಂತ ಮುನ್ನೂರು ಜನರಿಗೂ ಅದೇ ಕೆಲಸ ಎನ್ನುವುದು ನಿಮಗೆ ಮುಖ್ಯ.

ವೀಸಾದ ಒಂದು ಗಂಟನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆನಡಾಕ್ಕೆ ಹೋಗುವವರು ಅಗ್ಗ ಸಿಕ್ಕಿತೆಂದು ಬೆಂಗಳೂರು, ಫ್ರಾಂಕ್‌ಫರ್ಟ್, ಪ್ಯಾರಿಸ್, ಮಾಂಟ್ರಿಯಲ್ ಎಂದು ಟಿಕೆಟ್ ಮಾಡಿಸಿಕೊಂಡರೆ ತೊಂದರೆ. ಫ್ರಾಂಕ್‌ಫರ್ಟಿನಿಂದ ಪ್ಯಾರಿಸ್‌ಗೆ ಹಾರುವುದು ಷೆಂಗೆನ್ ಒಳಗಿನ ಪ್ರಯಾಣ. ಅಂದರೆ ನೀವು ಯುರೋಪನ್ನು ಪ್ರವೇಶಿಸಿದಂತೆ. ಅದಕ್ಕೆ ಪೂರ್ತಿ ಷೆಂಗೆನ್ ವೀಸಾ ಬೇಕು. ನಿಲ್ದಾಣದೊಳಗೇ ಇದ್ದು ವಿಮಾನ ಬದಲಿಸುವ ಟ್ರಾನ್ಸಿಟ್ ಅನುಮತಿ ಸಾಲುವುದಿಲ್ಲ. ಬ್ರಿಟನ್ನಿನ ನಿಯಮವೇ ಬೇರೆ. ಹೀಥ್ರೂನಲ್ಲಿ ಬರೀ ವಿಮಾನ ಬದಲಿಸುವ ಭಾರತೀಯರಿಗೂ ಟ್ರಾನ್ಸಿಟ್ ವೀಸಾದ ನಿಯಮವಿದೆ; ಅಮೆರಿಕ, ಕೆನಡಾದಂಥ ದೇಶಗಳ ಚಾಲ್ತಿ ವೀಸಾ ಇದ್ದವರಿಗೆ ವಿನಾಯಿತಿ. ಈ ನಿಯಮಗಳು ಆಗಾಗ ಬದಲಾಗುತ್ತವೆ, ಹಾಗಾಗಿ ಹಣ ಕಟ್ಟುವ ಮೊದಲು ಆಯಾ ದೇಶದ ಸರ್ಕಾರಿ ತಾಣದಲ್ಲಿ ನೋಡಿಕೊಳ್ಳಿ.

ಲಂಡನ್ ಎಂದಾಗ ಇನ್ನೊಂದು ಎಚ್ಚರಿಕೆ. ಟಿಕೆಟ್ಟಿನಲ್ಲಿ ಲಂಡನ್ ಎಂದಷ್ಟೇ ಓದಿ ಸುಮ್ಮನಾಗಬಾರದು. ಬಂದು ಇಳಿಯುವುದು ಹೀಥ್ರೂ, ಮುಂದಿನದು ಹೊರಡುವುದು ಗ್ಯಾಟ್ವಿಕ್ ಎಂದಿದ್ದರೆ ಎರಡರ ನಡುವೆ ರಸ್ತೆಯ ಪ್ರಯಾಣವೇ ಒಂದು ಗಂಟೆಯ ಮೇಲೆ. ಟೋಕಿಯೋದಲ್ಲಿ ನರಿಟಾ ಮತ್ತು ಹನೇಡಾ, ಪ್ಯಾರಿಸ್ಸಿನಲ್ಲಿ ಶಾರ್ಲ್ ದ ಗಾಲ್ ಮತ್ತು ಓರ್ಲಿ, ನ್ಯೂಯಾರ್ಕಿನ ಕಡೆ ಜೆಎಫ್‌ಕೆ, ಲಾಗಾರ್ಡಿಯಾ ಮತ್ತು ನ್ಯೂಆರ್ಕ್, ಎಲ್ಲ ಕಡೆ ಇದೇ ಕಥೆ. ಊರಿನ ಹೆಸರಿನ ಪಕ್ಕದ ಮೂರಕ್ಷರದ ಸಂಕೇತ ಬಂದದ್ದಕ್ಕೂ ಹೊರಡುವುದಕ್ಕೂ ಒಂದೇ ಇದೆಯೇ ಎಂದು ನೋಡಿ.

ಅಮೆರಿಕದ ವಿಷಯಕ್ಕೆ ತುಸು ಹೆಚ್ಚು ಹೊತ್ತು ಕೊಡುತ್ತೇನೆ. ನಮ್ಮವರು ಹೆಚ್ಚಾಗಿ ಹೋಗುವುದೂ ಅಲ್ಲಿಗೆ, ಎಡವುವುದೂ ಅಲ್ಲೇ. ಬೇರೆ ಎಷ್ಟೋ ನಿಲ್ದಾಣಗಳಲ್ಲಿ ದೇಶದೊಳಗೆ ಹೋಗದೆ, ಸಾಮಾನು ಮುಟ್ಟದೆ ವಿಮಾನ ಬದಲಿಸಬಹುದು. ಅಮೆರಿಕದಲ್ಲಿ ಅದಿಲ್ಲ. ಮೊದಲು ಇಳಿದ ಊರಿನಲ್ಲೇ ವಲಸೆ ತಪಾಸಣೆ ಆಗಬೇಕು, ಸೂಟ್‌ಕೇಸುಗಳನ್ನು ಬೆಲ್ಟಿನಿಂದ ಎತ್ತಿಕೊಳ್ಳಬೇಕು, ಕಸ್ಟಮ್ಸ್ ದಾಟಬೇಕು, ಮತ್ತೆ ಒಪ್ಪಿಸಬೇಕು. ಅಲ್ಲಿ ಇಳಿದು ಬೇರೆ ದೇಶಕ್ಕೆ ಹೋಗುವವರಿಗೂ ವೀಸಾ ಬೇಕೇ ಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ದಾವಣಗೆರೆಯ ದಂಪತಿ ಎಂದಿಟ್ಟುಕೊಳ್ಳಿ. ಮಗಳ ಬಾಣಂತನಕ್ಕೆ ಲಂಡನ್ ಮೇಲೆ ಶಿಕಾಗೊಗೆ, ಅಲ್ಲಿಂದ ಐಯೊವಾ ರಾಜ್ಯದ ಒಂದು ಸಣ್ಣ ಊರಿಗೆ ಹೊರಟಿದ್ದಾರೆ. ಶಿಕಾಗೊ ತಲುಪುವುದು ಮೂರೂವರೆಗೆ, ಮುಂದಿನ ವಿಮಾನ ಐದೂವರೆಗೆ. ‘ಅಮ್ಮಾ, ಎರಡು ಗಂಟೆ ಇದೆ, ಆರಾಮಾಗಿ ಬನ್ನಿ’ ಎಂದು ಮಗಳು ಫೋನಿನಲ್ಲಿ ಹೇಳಿದ್ದಾಳೆ. ವಿಮಾನ ಸರಿಯಾಗಿ ಮೂರೂವರೆಗೇ ಬಂದು ನಿಂತಿತು. ಹಿಂದಿನ ಸಾಲಿನಿಂದ ಇಳಿದು, ಉದ್ದದ ಮೊಗಸಾಲೆ ನಡೆದು ವಲಸೆಯ ಸಾಲಿಗೆ ಬರುವಾಗ ನಾಲ್ಕು. ಅದೇ ಹೊತ್ತಿಗೆ ಇನ್ನೆರಡು ದೊಡ್ಡ ವಿಮಾನ ಬಂದಿವೆ. ಅಧಿಕಾರಿಯ ಮುಂದೆ ನಿಂತು, ‘ಯಾರ ಮನೆಗೆ? ಎಷ್ಟು ದಿನ?’ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಿ, ಬೆರಳಚ್ಚು ಕೊಟ್ಟು ಹೊರಬರುವಾಗ ಐದು. ಬೆಲ್ಟಿನ ಮೇಲೆ ನಾಲ್ಕು ಸೂಟ್‌ಕೇಸುಗಳಲ್ಲಿ ಮೂರು ಬಂದಿವೆ. ನಾಲ್ಕನೆಯದಕ್ಕೆ ಹತ್ತು ನಿಮಿಷ. ಬಾಣಂತಿಯ ಅಂಟಿನುಂಡೆ, ಚಟ್ನಿಪುಡಿ, ಉಪ್ಪಿನಕಾಯಿಯ ಡಬ್ಬ ಇದೆಯೆಂದು ಕಸ್ಟಮ್ಸಿನವರಿಗೆ ಹೇಳಬೇಕು; ಹೇಳಿದರೆ ಪೆಟ್ಟಿಗೆ ಬಿಚ್ಚಿ ನೋಡಿದರೂ ನೋಡಿಯಾರು. ಶಿಕಾಗೊದ ಓಹೇರ್ ನಿಲ್ದಾಣದಲ್ಲಿ ಹೊರದೇಶದಿಂದ ಬಂದವರ ತಪಾಸಣೆ ನಡೆಯುವುದು ಐದನೇ ಟರ್ಮಿನಲ್ಲಿನಲ್ಲಿ. ದೇಶದೊಳಗಿನ ವಿಮಾನ ಮೂರನೆಯದರಿಂದಲೋ ಒಂದನೆಯದರಿಂದಲೋ ಹೊರಡುವುದಾದರೆ ಸಾಮಾನು ಒಪ್ಪಿಸಿ, ನಿಲ್ದಾಣದ ಪುಟ್ಟ ರೈಲು ಹತ್ತಿ, ಅಲ್ಲಿ ಮತ್ತೆ ಬೆಲ್ಟು, ಬ್ಯಾಗುಗಳ ಭದ್ರತಾ ತಪಾಸಣೆ ಮುಗಿಸಬೇಕು. ಗೇಟು ಐದೂಕಾಲಿಗೇ ಮುಚ್ಚಿತು. ಎಲ್ಲೂ ಯಾರ ತಪ್ಪೂ ಇಲ್ಲ, ಒಂದು ನಿಮಿಷವೂ ವಿಮಾನ ತಡವಾಗಿಲ್ಲ. ಆದರೂ ಕನೆಕ್ಷನ್ ತಪ್ಪಿತು. ಅವರಿಗೆ ಬೇಕಾಗಿದ್ದದ್ದು ನಾಲ್ಕು ಗಂಟೆ.

ಅಬುಧಾಬಿಯ ಮೂಲಕ ಹೋದರೆ ಇದನ್ನು ತಪ್ಪಿಸಬಹುದು ಎನ್ನುತ್ತಾರೆ. ಅರ್ಧ ನಿಜ. 2014ರಿಂದ ಅಲ್ಲಿ ಅಮೆರಿಕದ ಅಧಿಕಾರಿಗಳೇ ಕೂತು ವಲಸೆ, ಕಸ್ಟಮ್ಸ್ ತಪಾಸಣೆ ಮಾಡುತ್ತಾರೆ. ಐರ್ಲೆಂಡಿನ ಡಬ್ಲಿನ್, ಶಾನನ್ ಮತ್ತು ಕೆನಡಾದ ದೊಡ್ಡ ನಿಲ್ದಾಣಗಳಲ್ಲೂ ಈ ಏರ್ಪಾಡಿದೆ. ಅಲ್ಲಿ ಮುಗಿಸಿಕೊಂಡರೆ ಅಮೆರಿಕದಲ್ಲಿ ದೇಶದೊಳಗಿನ ವಿಮಾನದಲ್ಲಿ ಬಂದವರಂತೆ ಇಳಿಯಬಹುದು. ಆದರೆ ಸಾಲು ಮಾಯವಾಗಲಿಲ್ಲ. ಅದರ ಜಾಗ ಬದಲಾಯಿತು ಅಷ್ಟೆ. ಶಿಕಾಗೊದಲ್ಲಿ ಉಳಿಸಿದ ಸಮಯವನ್ನು ಅಬುಧಾಬಿಯಲ್ಲಿ ಇಟ್ಟುಕೊಳ್ಳಬೇಕು. ಮೊದಲು ಇಳಿದ ಊರಿನಲ್ಲೇ ತಪಾಸಣೆ ಎಂಬ ಮಾತು ಆಸ್ಟ್ರೇಲಿಯಾಕ್ಕೆ ಹೋಗುವವರಿಗೂ ಸಲ್ಲುತ್ತದೆ. ಸಿಡ್ನಿಯಲ್ಲಿ ಇಳಿದು ಅಲ್ಲಿಂದ ಒಳಗಿನ ಬೇರೆ ಊರಿಗೆ ಹೋಗುವವರ ಸಾಮಾನು ಸಿಡ್ನಿಯಲ್ಲೇ ಕೈಗೆ ಬರುತ್ತದೆ, ತಪಾಸಣೆ ಅಲ್ಲೇ ಆಗುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು: ನಿಮ್ಮದು ಒಂದು ಟಿಕೆಟ್ಟೋ ಎರಡೋ?

ಬೆಂಗಳೂರಿನಿಂದ ಕೊನೆಯ ಊರಿನವರೆಗೂ ಒಂದೇ ಬುಕಿಂಗ್, ಒಂದೇ ಪಿಎನ್‌ಆರ್ ಇದ್ದರೆ ನಡುವೆ ಕನೆಕ್ಷನ್ ತಪ್ಪಿದಾಗ ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ವಿಮಾನ ಕಂಪನಿಯದು. ಸಾಮಾನನ್ನು ಮುಂದಕ್ಕೆ ದಾಟಿಸುವುದೂ ಅವರದೇ. ಬೇರೆ ಬೇರೆ ಕಂಪನಿಗಳ ವಿಮಾನಗಳನ್ನು ಒಂದೇ ಟಿಕೆಟ್ಟಿನಲ್ಲಿ ಜೋಡಿಸುವ ಈ ಒಪ್ಪಂದಗಳನ್ನು ಸುಲಭ ಮಾಡಿದ್ದು 1945ರಲ್ಲಿ ಹವಾನಾದಲ್ಲಿ ಹುಟ್ಟಿದ ಐಯಾಟಾ ಸಂಸ್ಥೆ. ಯುರೋಪಿನ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿಂದ ಹೊರಡುವ ವಿಮಾನಗಳಿಗೆ ಅನ್ವಯಿಸುವ 2004ರ 261ನೇ ನಿಯಮಾವಳಿಯ ಪ್ರಕಾರ ಕಂಪನಿಯ ಕಾರಣದಿಂದ ತಡವಾದರೆ ಪರಿಹಾರ ಕೊಡಬೇಕು. ಎಷ್ಟು ತಡ ಎಂಬುದನ್ನು ನಡುವಿನ ನಿಲ್ದಾಣದಲ್ಲಿ ಅಳೆಯದೆ, ಕೊನೆಯ ಊರನ್ನು ತಲುಪಿದ ಸಮಯದಿಂದ ಅಳೆಯಬೇಕೆಂದು ಯುರೋಪಿನ ನ್ಯಾಯಾಲಯ 2013ರಲ್ಲಿ ತೀರ್ಪು ಕೊಟ್ಟಿತು. ಅರ್ಧ ಗಂಟೆ ತಡದಿಂದ ಕನೆಕ್ಷನ್ ತಪ್ಪಿ ಎಂಟು ಗಂಟೆ ತಡವಾಗಿ ಮನೆ ಸೇರಿದರೆ ಲೆಕ್ಕಕ್ಕೆ ಬರುವುದು ಆ ಎಂಟು ಗಂಟೆ.

ಎರಡು ಟಿಕೆಟ್ಟುಗಳಾದರೆ ಇದು ಯಾವುದೂ ಇಲ್ಲ. ಮಂಗಳೂರಿನಿಂದ ದುಬೈಗೆ ಒಂದು ಕಂಪನಿಯ ಅಗ್ಗದ ಟಿಕೆಟ್ಟು, ದುಬೈಯಿಂದ ಟೊರೊಂಟೊಗೆ ಇನ್ನೊಂದು ಕಂಪನಿಯದು ಎಂದುಕೊಳ್ಳಿ. ಮೊದಲನೆಯವರ ಕೆಲಸ ನಿಮ್ಮನ್ನು ದುಬೈಗೆ ಬಿಡುವುದು. ಅಲ್ಲಿ ಸಾಮಾನು ಇಳಿಸಿಕೊಳ್ಳಬೇಕು ಎಂದರೆ ದೇಶದೊಳಗೆ ಹೋಗಬೇಕು, ಅದಕ್ಕೆ ವೀಸಾ ಬೇಕು. ಟರ್ಮಿನಲ್ ಬದಲಿಸಬೇಕು, ಮತ್ತೆ ಚೆಕ್‌ಇನ್, ಮತ್ತೆ ವಲಸೆ, ಮತ್ತೆ ಭದ್ರತೆ. ವೀಸಾ ಇಲ್ಲದಿದ್ದರೆ ಮಂಗಳೂರಿನ ಕೌಂಟರಿನಲ್ಲೇ ತಡೆದಾರು. ಎಲ್ಲ ಇದ್ದು ಮೊದಲ ವಿಮಾನ ತಡವಾದರೆ ಎರಡನೆಯವರ ಪುಸ್ತಕದಲ್ಲಿ ನೀವು ಬರಲಿಲ್ಲ ಎಂದಷ್ಟೇ ಬರೆದಿರುತ್ತದೆ. ಟೊರೊಂಟೊ ಟಿಕೆಟ್ಟಿನ ಹಣ ಹೋಯಿತು. ಆ ಕ್ಷಣದ ದರದಲ್ಲಿ ಹೊಸದು ಕೊಳ್ಳಬೇಕು. ಉಳಿಸಿದ ಹತ್ತು ಹದಿನೈದು ಸಾವಿರಕ್ಕೆ ಇಷ್ಟು ದೊಡ್ಡ ಜೂಜು ಬೇಕೇ? ಬೇರೆ ದಾರಿಯೇ ಇಲ್ಲ ಎಂದಾದರೆ ಒಂದು ರಾತ್ರಿ ಅಲ್ಲೇ ತಂಗಿ ಮರುದಿನ ಹೊರಡುವ ಹಾಗೆ ಮಾಡಿಸಿಕೊಳ್ಳಿ.

ಒಂದೇ ಟಿಕೆಟ್ಟು ಇದ್ದವರಿಗೂ ಒಂದು ಕಿವಿಮಾತು. ಟಿಕೆಟ್ಟು ಶಿವಮೊಗ್ಗದಿಂದ ಶುರುವಾಗಿದ್ದರೆ, ‘ಹೇಗೂ ಬೆಂಗಳೂರಲ್ಲಿ ತಮ್ಮನ ಮನೇಲಿ ಇದ್ದೀವಲ್ಲ, ಅಲ್ಲಿಂದಲೇ ಹತ್ತಿದರಾಯ್ತು’ ಎಂದು ಮೊದಲ ತುಂಡನ್ನು ಬಿಡಬೇಡಿ. ಹೇಳದೆ ಕೇಳದೆ ಒಂದು ತುಂಡು ಬಿಟ್ಟರೆ ಉಳಿದದ್ದೆಲ್ಲ ತಾನಾಗಿಯೇ ರದ್ದಾಗುತ್ತದೆ.

ನಮ್ಮ ಕಸುಬಿನಲ್ಲಿ ಪಳಗಿದವರು ನೋಡುವ, ಪ್ರಯಾಣಿಕರು ಸಾಮಾನ್ಯವಾಗಿ ನೋಡದ ಇನ್ನೊಂದಿದೆ. ಈ ಕನೆಕ್ಷನ್ ತಪ್ಪಿದರೆ ಮುಂದಿನ ವಿಮಾನ ಯಾವಾಗ? ಬೆಳಗ್ಗೆ ಹತ್ತಕ್ಕೆ ಹೀಥ್ರೂನಲ್ಲಿ ನ್ಯೂಯಾರ್ಕ್ ವಿಮಾನ ತಪ್ಪಿದರೆ ಅದೇ ದಿನ ಇನ್ನೂ ಹಲವು ಇವೆ. ಅಂಥ ಕಡೆ ಸಮಯ ಒಂದಿಷ್ಟು ಬಿಗಿಯಾಗಿದ್ದರೂ ನಡೆದೀತು. ರಾತ್ರಿ ಒಂಬತ್ತಕ್ಕೆ ಸಣ್ಣ ಊರಿನ ಕೊನೆಯ ವಿಮಾನ ತಪ್ಪಿದರೆ ರಾತ್ರಿಯೆಲ್ಲ ಅಲ್ಲೇ. ವಾರಕ್ಕೆ ಮೂರೇ ದಿನ ಹಾರುವ ಊರಾದರೆ ಎರಡು ದಿನ ಕಾಯಬೇಕು. ದಿನದ ಕೊನೆಯ ವಿಮಾನಕ್ಕೆ ಕನೆಕ್ಷನ್ ಇಟ್ಟುಕೊಳ್ಳುವುದನ್ನು ಸಾಧ್ಯವಾದಷ್ಟೂ ತಪ್ಪಿಸಿ. ಮದುವೆ, ಪರೀಕ್ಷೆ, ಹಡಗು ಹತ್ತುವ ಕೆಲಸ, ಹೀಗೆ ತಪ್ಪಿಸಿಕೊಳ್ಳಲಾಗದ್ದು ಏನಾದರೂ ಇದ್ದರೆ ಒಂದು ದಿನ ಮುಂಚೆಯೇ ಹೊರಡಿ.

ಗಡಿಯಾರವೂ ನಮ್ಮ ಲೆಕ್ಕವನ್ನು ಏರುಪೇರು ಮಾಡುತ್ತದೆ. ಭಾರತದಲ್ಲಿ ವರ್ಷವಿಡೀ ಒಂದೇ ಸಮಯ. ಯುರೋಪಿನವರು ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಿಟ್ಟು ಅಕ್ಟೋಬರ್ ಕೊನೆಯ ಭಾನುವಾರ ಹಿಂದಿಡುತ್ತಾರೆ. ಅಮೆರಿಕದವರು ಮಾರ್ಚ್ ಎರಡನೇ ಭಾನುವಾರವೇ ಮುಂದಿಟ್ಟು, ನವೆಂಬರ್ ಮೊದಲ ಭಾನುವಾರ ಹಿಂದಿಡುತ್ತಾರೆ. ವಿಮಾನಗಳ ಬೇಸಿಗೆ, ಚಳಿಗಾಲದ ವೇಳಾಪಟ್ಟಿಗಳೂ ಮಾರ್ಚ್, ಅಕ್ಟೋಬರ್ ಕೊನೆಗೇ ಬದಲಾಗುತ್ತವೆ. ಆರು ತಿಂಗಳ ಮೊದಲೇ ಮಾಡಿಸಿದ ಟಿಕೆಟ್ಟಿನ ಮೂರು ಗಂಟೆ ಹೊರಡುವ ಹೊತ್ತಿಗೆ ಒಂದೂಕಾಲು ಗಂಟೆ ಆಗಿರಬಹುದು. ಕಂಪನಿಯವರು ಇಮೇಲ್ ಕಳಿಸಿರುತ್ತಾರೆ. ಅದು ಮಗನ ಇಮೇಲಿಗೆ ಹೋಗಿ, ಮಗ ನೋಡದೇ ಇರುತ್ತಾನೆ. ತಿಂಗಳಿಗೊಮ್ಮೆ ಟಿಕೆಟ್ ತೆರೆದು ನೋಡಿ. ಸಮಯ ಬದಲಿಸಿದ್ದು ಕಂಪನಿಯೇ ಆದರೆ ಹೆಚ್ಚು ಹಣ ತೆಗೆದುಕೊಳ್ಳದೆ ಬೇರೆ ವಿಮಾನ ಕೊಡುವುದು ರೂಢಿ. ಕೇಳಿದವರಿಗೆ ಮಾತ್ರ.

ಆಕಾಶದ ದಾರಿಗಳೂ ಹೀಗೆಯೇ. 2025ರ ಏಪ್ರಿಲ್ ಕೊನೆಯಲ್ಲಿ ಪಾಕಿಸ್ತಾನ ತನ್ನ ವಾಯುಮಾರ್ಗವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಯುರೋಪ್, ಅಮೆರಿಕಕ್ಕೆ ಹೋಗುವ ನಮ್ಮ ಕಂಪನಿಗಳ ವಿಮಾನಗಳು ಸುತ್ತಿ ಹೋಗಬೇಕಾಯಿತು. ಸುತ್ತಿ ಹೋದ ವಿಮಾನ ತಡವಾಗಿ ಇಳಿಯುತ್ತದೆ, ಅದರ ಬೆನ್ನಿಗಿದ್ದ ಕನೆಕ್ಷನ್ನುಗಳೆಲ್ಲ ಸಡಿಲವಾಗುತ್ತವೆ. ಎಲ್ಲಾದರೂ ಯುದ್ಧದ ಸುದ್ದಿ ಬಂದರೆ ನಮ್ಮ ಟಿಕೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ ಎಂದುಕೊಳ್ಳಬೇಡಿ.

ತಾರೀಖಿನ ವಿಷಯದಲ್ಲೂ ಒಂದು ಮಾತು. ಬೆಂಗಳೂರಿನಿಂದ ವಿದೇಶಕ್ಕೆ ಹೊರಡುವ ವಿಮಾನಗಳಲ್ಲಿ ಬಹಳಷ್ಟು ನಡುರಾತ್ರಿಯ ಮೇಲಿನವು. 24ನೇ ತಾರೀಖು 1.40 ಎಂದಿದ್ದರೆ ಮನೆಯಿಂದ ಹೊರಡಬೇಕಾದದ್ದು 23ರ ಸಂಜೆ. ಮೈಸೂರಿನಿಂದ ಫ್ಲೈಬಸ್ಸಿನಲ್ಲಿ ಬರುವವರು ಬಸ್ಸಿನ ನಾಲ್ಕು ಗಂಟೆಯನ್ನೂ, ಹೆಬ್ಬಾಳದ ಟ್ರಾಫಿಕ್ಕನ್ನೂ ಸೇರಿಸಿಕೊಳ್ಳಿ. ಆ ಬಸ್ಸೂ ಒಂದು ಕನೆಕ್ಷನ್ನೇ. ಅದಕ್ಕೂ ನಿಮ್ಮ ವಿಮಾನಕ್ಕೂ ಟಿಕೆಟ್ಟು ಬೇರೆ ಬೇರೆ.

ಹಿರಿಯರನ್ನು ಕಳಿಸುವ ಮಕ್ಕಳಿಗೆ ಎರಡು ಮಾತು. ಭಾಷೆ ಬರದವರಿಗೆ, ಹೆಚ್ಚು ನಡೆಯಲಾಗದವರಿಗೆ ವೀಲ್‌ಚೇರ್ ಕೇಳುವುದು ಒಳ್ಳೆಯದು. ಎರಡು ದಿನ ಮೊದಲೇ ಟಿಕೆಟ್ಟಿನಲ್ಲಿ ಹಾಕಿಸಿ. ಆದರೆ ವೀಲ್‌ಚೇರಿನವರು ವಿಮಾನದಿಂದ ಇಳಿಯುವುದು ಎಲ್ಲರಿಗಿಂತ ಕೊನೆಗೆ. ತಳ್ಳುವವರು ಬರುವವರೆಗೆ ಕಾಯಬೇಕು. ಸಾಲಿನಲ್ಲಿ ಉಳಿದ ಸಮಯ ಅಲ್ಲಿ ಖರ್ಚಾಗುತ್ತದೆ. ಆದ್ದರಿಂದ ವೀಲ್‌ಚೇರ್ ಇದೆ ಎಂದು ಗ್ಯಾಪ್ ಕಡಿಮೆ ಮಾಡಬೇಡಿ, ಒಂದು ಗಂಟೆ ಹೆಚ್ಚಿಡಿ. ಬಿ.ಪಿ., ಶುಗರ್ ಮಾತ್ರೆಗಳು ಎರಡು ಮೂರು ದಿನಕ್ಕಾಗುವಷ್ಟು ಕೈಚೀಲದಲ್ಲೇ ಇರಲಿ. ತುಪ್ಪ, ಉಪ್ಪಿನಕಾಯಿ, ಗೊಜ್ಜು ಕೈಚೀಲದಲ್ಲಿ ಬೇಡ. ನೂರು ಮಿಲಿಲೀಟರಿನ ನಿಯಮಕ್ಕೆ ಅವೂ ಬರುತ್ತವೆ. ಬೆಂಗಳೂರಿನಲ್ಲಿ ಹೇಗೋ ದಾಟಿದ ಡಬ್ಬಿಗೂ ನಡುವಿನ ನಿಲ್ದಾಣದಲ್ಲಿ ಮತ್ತೆ ತಪಾಸಣೆ ಇರುತ್ತದೆ. ಅಲ್ಲಿ ಅದನ್ನು ಕಸದ ಬುಟ್ಟಿಗೆ ಹಾಕಿಸುವುದಲ್ಲದೆ ಹತ್ತು ನಿಮಿಷವೂ ಹೋಗುತ್ತದೆ.

ಬೆಂಗಳೂರಿನ ಕೌಂಟರಿನಲ್ಲಿ ಸೂಟ್‌ಕೇಸಿಗೆ ಪಟ್ಟಿ ಅಂಟಿಸುವಾಗ ಬಗ್ಗಿ ಓದಿ. ಅದರ ಮೇಲೆ ದೊಡ್ಡದಾಗಿ ಮೂರಕ್ಷರ ಇರುತ್ತದೆ. ಅದು ನಿಮ್ಮ ಕೊನೆಯ ಊರಿನದೋ ನಡುವಿನ ಊರಿನದೋ ನೋಡಿ. ‘ಬ್ಯಾಗು ಎಲ್ಲೀವರೆಗೆ ಹೋಗುತ್ತೆ? ನಾವು ಎಲ್ಲಿ ತಗೋಬೇಕು?’ ಎಂದು ಬಾಯಿ ಬಿಟ್ಟು ಕೇಳಿ. ಹತ್ತು ಅಂಕಿಯ ಸಂಖ್ಯೆಯಿರುವ ಚೀಟಿಯನ್ನು ಪಾಸ್‌ಪೋರ್ಟಿನ ಜೊತೆ ಜೋಪಾನವಾಗಿಡಿ. ನಡುವಿನ ನಿಲ್ದಾಣದಲ್ಲಿ ಇಳಿದ ಕೂಡಲೇ ಬೋರ್ಡಿನಲ್ಲಿ ಗೇಟು ನೋಡಿ, ಮೊದಲು ಗೇಟಿನವರೆಗೆ ನಡೆದುಬಿಡಿ. ಕಾಫಿ, ಅಂಗಡಿ ಎಲ್ಲ ಆಮೇಲೆ. ಎಷ್ಟೋ ನಿಲ್ದಾಣಗಳಲ್ಲಿ ಈಗ ಹೆಸರು ಹಿಡಿದು ಕೂಗುವ ಪದ್ಧತಿಯೇ ಇಲ್ಲ. ಗೇಟು ಬದಲಾದರೆ ಬೋರ್ಡಿನಲ್ಲಷ್ಟೇ ಬರುತ್ತದೆ.

ಇಷ್ಟಾದರೂ ತಪ್ಪಿತು ಎನ್ನಿ. ಗಾಬರಿಯಾಗಿ ಹೊರಗಿನ ಬಾಗಿಲಿನತ್ತ ನಡೆಯಬೇಡಿ. ಒಮ್ಮೆ ದೇಶದೊಳಗೆ ಹೋದರೆ ವಾಪಸು ಬರುವುದು ಕಷ್ಟ. ಟ್ರಾನ್ಸ್‌ಫರ್ ಡೆಸ್ಕ್ ಎಲ್ಲಿದೆ ಕೇಳಿ. ಅಲ್ಲಿ ಸಾಲು ಉದ್ದವಿದ್ದರೆ ಸಾಲಿನಲ್ಲಿ ನಿಂತೇ ಮಕ್ಕಳಿಗೆ ಫೋನು ಮಾಡಿ ಕಂಪನಿಯ ಆ್ಯಪಿನಲ್ಲಿ ನೋಡಲು ಹೇಳಿ; ಎಷ್ಟೋ ಸಲ ಮುಂದಿನ ವಿಮಾನದ ಸೀಟು ಅದಾಗಲೇ ಬಂದು ಕೂತಿರುತ್ತದೆ. ಊಟ, ರೂಮು ಕೊಡುತ್ತೀರಾ ಎಂದು ಕೇಳಲು ಸಂಕೋಚ ಬೇಡ. ವಿಮಾನ ತಡವಾದದ್ದಕ್ಕೆ ಕಂಪನಿಯಿಂದ ಒಂದು ಪತ್ರ ಬರೆಸಿಕೊಳ್ಳಿ, ವಿಮೆಯ ಹಣ ಕೇಳಲು ಬೇಕಾಗುತ್ತದೆ.

ಕೊನೆಗೆ, ಬರೆದಿಟ್ಟುಕೊಳ್ಳುವವರಿಗಾಗಿ ನಾನು ಬಳಸುವ ಅಳತೆ ಇದು. ಒಂದೇ ಟಿಕೆಟ್ಟು, ಒಂದೇ ಟರ್ಮಿನಲ್ಲು, ಬರೀ ಭದ್ರತಾ ತಪಾಸಣೆಯ ಸಾಲು: ಎರಡು ಗಂಟೆ. ಟರ್ಮಿನಲ್ ಬದಲಾದರೆ, ಇಲ್ಲವೆ ಪಾಸ್‌ಪೋರ್ಟ್ ಸಾಲು ಇದ್ದರೆ: ಮೂರು. ಸಾಮಾನು ಎತ್ತಿಕೊಂಡು ಮತ್ತೆ ಒಪ್ಪಿಸಬೇಕಾದ ಅಮೆರಿಕ, ಆಸ್ಟ್ರೇಲಿಯಾ, ವಾಪಸು ಬರುವಾಗಿನ ದೆಹಲಿ, ಮುಂಬಯಿ: ನಾಲ್ಕು. ಹಿರಿಯರು, ಪುಟ್ಟ ಮಕ್ಕಳು ಇದ್ದರೆ ಇದರ ಮೇಲೆ ಒಂದು. ಎರಡು ಟಿಕೆಟ್ಟಾದರೆ ಒಂದು ರಾತ್ರಿ. ಹಾಗೆಂದು ಹದಿನಾಲ್ಕು ಗಂಟೆ ಇಟ್ಟುಕೊಂಡು ವಯಸ್ಸಾದವರನ್ನು ಕುರ್ಚಿಯಲ್ಲಿ ಕೂರಿಸುವುದೂ ಬೇಡ. ಅಷ್ಟು ಹೊತ್ತು ಕಾಯಲೇಬೇಕೆಂದಿದ್ದರೆ ನಿಲ್ದಾಣದೊಳಗೇ ರೂಮು ಸಿಗುತ್ತದೆಯೇ, ಕಂಪನಿಯೇ ಕೊಡುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಟಿಕೆಟ್ ಮಾಡಿಸುವ ದಿನ ಒಂದು ಚೀಟಿ ತೆಗೆದುಕೊಂಡು, ನಡುವಿನ ನಿಲ್ದಾಣದಲ್ಲಿ ನಿಲ್ಲಬೇಕಾದ ಸಾಲುಗಳನ್ನು ಒಂದರ ಕೆಳಗೊಂದು ಬರೆಯಿರಿ. ಗೊತ್ತಿಲ್ಲದಿದ್ದರೆ ನಮ್ಮಂಥವರನ್ನು ಕೇಳಿ; ಹೇಳುವುದು ನಮ್ಮ ಕೆಲಸ. ಆ ಚೀಟಿ ನೋಡಿದ ಮೇಲೂ ಎರಡು ಗಂಟೆ ಸಾಕು ಅನ್ನಿಸಿದರೆ ಧೈರ್ಯವಾಗಿ ಹಣ ಕಟ್ಟಿ. ಸಾಲದು ಅನ್ನಿಸಿದರೆ ದರ ಒಂದಿಷ್ಟು ಹೆಚ್ಚಾದರೂ ಮುಂದಿನ ವಿಮಾನವನ್ನೇ ಹಿಡಿಯಿರಿ.